ಧಾರಣೆ ಇಳಿದ ಕಾಲದಲ್ಲಿ ಎಣ್ಣೆಸ್ನಾನ

ಧಾರಣೆ ಏರುವುದೂ ಇಳಿಯುವುದೂ ಬೆಳೆಗಾರರಾದ ನಮಗೆ ಹೊಸತಲ್ಲ. 1970ರ ದಶಕದ ಆರಂಭದಲ್ಲಿ ಅಡಿಕೆ ಮಾರುಕಟ್ಟೆ ಕುಸಿದ ಸಂಕಟದ ಫಲವಾಗಿಯೇ 1973ರಲ್ಲಿ ಕ್ಯಾಂಪ್ಕೊ ಹುಟ್ಟಿತು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ನಿಂತುಹೋದ ಮೇಲೆ ಒಮ್ಮೆ, 2001ರ ಸುಮಾರಿಗೆ ಮತ್ತೊಮ್ಮೆ, ಕಾಫಿಯ ಧಾರಣೆ ನೆಲ ಕಚ್ಚಿತು. ಧಾರಣೆ ಚೆನ್ನಾಗಿದ್ದ ವರ್ಷ ಕೊಳೆರೋಗವೋ ಎಲೆಚುಕ್ಕಿಯೋ ಕಾಂಡಕೊರಕವೋ ಫಸಲನ್ನು ಕೊಂಡೊಯ್ಯುವುದೂ ಉಂಟು. ಇಂತಹ ಸಮಯದಲ್ಲಿ ನಾವು ಗಿಡದ ಆರೈಕೆಯ ಬಗ್ಗೆ ಪುಟಗಟ್ಟಲೆ ಬರೆಯುತ್ತೇವೆ, ಓದುತ್ತೇವೆ. ಗಿಡ ನೋಡಿಕೊಳ್ಳುವವರ ಆರೈಕೆಯ ಬಗ್ಗೆ ಮಾತ್ರ ಯಾರೂ ಆಡುವುದಿಲ್ಲ. ಆದುದರಿಂದ ಈ ಸಲ, ನಮ್ಮ ಮನೆಗಳಲ್ಲೇ ಇರುವ ಒಂದು ಹಳೆಯ ಉಪಾಯವಾದ ಅಭ್ಯಂಗದ ಬಗ್ಗೆ ನಾಲ್ಕು ಮಾತು.

ಚಿಂತೆ ಮೈಯಲ್ಲಿ ಕೂರುವ ಬಗೆ

ಸಾಲದ ಕಂತು, ಮಗಳ ಮದುವೆ, ಕೂಲಿಯ ಬಟವಾಡೆ, ಇವೆಲ್ಲ ತಲೆಯಲ್ಲಿ ಸುತ್ತುತ್ತಿರುವಾಗ ದೇಹ ಅದನ್ನು ಅಪಾಯವೆಂದೇ ತಿಳಿಯುತ್ತದೆ. ಹುಲಿ ಎದುರಾದರೆ ಓಡಲು ಸಿದ್ಧವಾಗುವಂತೆ ಎದೆಬಡಿತ ಏರುತ್ತದೆ, ಉಸಿರು ಮೇಲುಮೇಲಾಗುತ್ತದೆ, ಕತ್ತು, ಭುಜ, ದವಡೆಯ ಸ್ನಾಯುಗಳು ಬಿಗಿಯುತ್ತವೆ. ಹುಲಿ ಬಂದು ಹೋಗುತ್ತದೆ, ಸಾಲ ಹಾಗಲ್ಲ. ಬಿಗಿದ ಸ್ನಾಯು ಬಿಗಿದೇ ಉಳಿಯುತ್ತದೆ. ಅದರ ಮೇಲೆ ನಮ್ಮ ಕೆಲಸದ ಆಯಾಸ ಬೇರೆ. ದಿನವಿಡೀ ಕತ್ತೆತ್ತಿ ದೋಟಿ ಹಿಡಿದವರಿಗೆ, ಮರಗಸಿ ಮಾಡಿದವರಿಗೆ, ಮೂಟೆ ಹೊತ್ತವರಿಗೆ, ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿಯವರೆಗೆ ಅಡಿಕೆ ಸುಲಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೋವಿನಿಂದ ನಿದ್ದೆ ಬಾರದು, ನಿದ್ದೆಯಿಲ್ಲದೆ ಚಿಂತೆ ಹೆಚ್ಚುವುದು, ಚಿಂತೆಯಿಂದ ಮತ್ತೆ ನೋವು. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಕಡಿಯಬೇಕು.

ಹಿಂದಿನವರು, ಇಂದಿನವರು

ಚರಕಸಂಹಿತೆಯಲ್ಲಿ ದಿನಚರಿಯ ಭಾಗವಾಗಿ ಅಭ್ಯಂಗವನ್ನು ಹೇಳಿದೆ. ಗಾಡಿಯ ಅಚ್ಚಿಗೆ ಎಣ್ಣೆ ಬಿಟ್ಟರೆ ಹೇಗೆ ಬಾಳಿಕೆ ಬರುವುದೋ ದೇಹವೂ ಹಾಗೆಯೇ ಎಂಬುದು ಅಲ್ಲಿನ ಹೋಲಿಕೆ. ವಾಗ್ಭಟನು ಅಷ್ಟಾಂಗಹೃದಯದಲ್ಲಿ ತಲೆ, ಕಿವಿ, ಪಾದಗಳಿಗೆ ವಿಶೇಷ ಗಮನ ಕೊಡಬೇಕೆನ್ನುತ್ತಾನೆ. ಅಜೀರ್ಣವಾದವರಿಗೆ ಎಣ್ಣೆ ಬೇಡವೆಂದೂ ಎಚ್ಚರಿಸುತ್ತಾನೆ.

ಇಂದಿನ ಸಂಶೋಧನೆಯೂ ಇದನ್ನು ಸ್ವಲ್ಪಮಟ್ಟಿಗೆ ಪರೀಕ್ಷಿಸಿದೆ. 2004ರಲ್ಲಿ ಅಮೆರಿಕದ ಸಂಶೋಧಕರು ಮರ್ದನದ ಬಗೆಗಿನ 37 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಒಂದೇ ಬಾರಿಯ ಮರ್ದನದಿಂದ ಆ ಹೊತ್ತಿನ ಆತಂಕ, ರಕ್ತದೊತ್ತಡ, ಎದೆಬಡಿತ ತಗ್ಗಿದ್ದು ಕಂಡಿತು. ಮತ್ತೆ ಮತ್ತೆ ಮಾಡಿಸಿಕೊಂಡವರಲ್ಲಿ ಬೇರೂರಿದ ಆತಂಕವೂ ಖಿನ್ನತೆಯೂ ಕಡಿಮೆಯಾಗಿದ್ದವು. ಆದರೆ ಒತ್ತಡದ ಕಾಲದಲ್ಲಿ ಸ್ರವಿಸುವ ಕಾರ್ಟಿಸಾಲ್ ಎಂಬ ರಸವು ಒಂದು ಮರ್ದನದಿಂದ ಗಮನಾರ್ಹವಾಗಿ ಇಳಿಯಲಿಲ್ಲ. ಆದ್ದರಿಂದ ಮೈಯ ವಿಷವೆಲ್ಲ ಹೊರಗೆ ಹೋಗುತ್ತದೆ, ಸಕಲ ರೋಗ ಗುಣವಾಗುತ್ತದೆ ಎಂಬ ಜಾಹೀರಾತುಗಳನ್ನು ನಂಬಿ ಸಾವಿರಗಟ್ಟಲೆ ಹಣ ಸುರಿಯಬೇಕಾಗಿಲ್ಲ. ಕೈಯಲ್ಲಿ ಹಣವಿಲ್ಲದ ಕಾಲಕ್ಕೆ ಮನೆಯ ಎಣ್ಣೆಯೇ ಸಾಕು.

ಮಾಡುವ ಕ್ರಮ

ವಾರಕ್ಕೊಮ್ಮೆ, ಸಾಧ್ಯವಾದರೆ ಎರಡು ಸಲ. ಎಳ್ಳೆಣ್ಣೆ ಅಥವಾ ಕೊಬ್ಬರಿಎಣ್ಣೆ, ಒಬ್ಬರಿಗೆ ಒಂದು ಸಣ್ಣ ಲೋಟದಷ್ಟು. ಎಣ್ಣೆಯನ್ನು ನೇರ ಬೆಂಕಿಯ ಮೇಲಿಡದೆ, ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳಬೇಕು. ಮಣಿಕಟ್ಟಿನ ಮೇಲೆ ಒಂದು ಹನಿ ಹಾಕಿ ನೋಡಬೇಕು. ಊಟವಾಗಿ ಎರಡು ಗಂಟೆಯಾದರೂ ಕಳೆದಿರಲಿ.

ಮೊದಲು ನೆತ್ತಿ, ಆಮೇಲೆ ಕತ್ತಿನ ಹಿಂಭಾಗ, ಭುಜ. ಹೆಬ್ಬೆರಳಿನಿಂದ ಸಣ್ಣ ಸುತ್ತುಗಳಲ್ಲಿ ನಿಧಾನವಾಗಿ ಒತ್ತುವುದು. ಕೈಕಾಲುಗಳಿಗೆ ಉದ್ದಕ್ಕೆ, ಕೀಲುಗಳಿಗೆ ಗುಂಡಗೆ, ಹೊಟ್ಟೆಗೆ ಹಗುರವಾಗಿ. ಬೆನ್ನಿನಲ್ಲಿ ಮೂಳೆಯ ಮೇಲೆ ಒತ್ತದೆ ಅದರ ಎರಡು ಪಕ್ಕದ ಮಾಂಸಖಂಡವನ್ನು ನೀವಬೇಕು. ಕೊನೆಗೆ ಅಂಗಾಲು. ಜೋರಾಗಿ ತಿಕ್ಕಿದಷ್ಟೂ ಗುಣ ಹೆಚ್ಚೆಂಬುದು ತಪ್ಪು ತಿಳಿವಳಿಕೆ. ಒತ್ತಿದಾಗ ಉಸಿರು ಬಿಗಿಹಿಡಿಯುವಂತಾದರೆ ಒತ್ತಡ ಹೆಚ್ಚಾಯಿತೆಂದೇ ಅರ್ಥ. ಅರ್ಧ ಗಂಟೆ ಮೈಯಲ್ಲಿ ಎಣ್ಣೆಯಿದ್ದು, ಹಂಡೆಯ ಬಿಸಿನೀರಿನಲ್ಲಿ ಸೀಗೆಪುಡಿಯೋ ಕಡಲೆಹಿಟ್ಟೋ ಹಾಕಿ ಮೀಯುವುದು. ಆ ಹೊತ್ತಿನಲ್ಲಿ ಮೊಬೈಲು ಬಚ್ಚಲಿನಿಂದ ದೂರವಿರಲಿ. ಧಾರಣೆ ಒಂದು ಗಂಟೆ ಕಾದೀತು. ಎಣ್ಣೆ ಬಿದ್ದ ಬಚ್ಚಲಿನಲ್ಲಿ ಜಾರಿ ಸೊಂಟ ಮುರಿದುಕೊಳ್ಳುವವರಿದ್ದಾರೆ, ವಯಸ್ಸಾದವರಿಗೆ ಮಣೆ ಹಾಕಿ ಕೂರಿಸುವುದು ಕ್ಷೇಮ.

ಇನ್ನೊಂದು ಮಾತು. ಬಾಣಂತಿಗೆ, ಕೂಸಿಗೆ, ಅತ್ತೆ ಮಾವಂದಿರಿಗೆ, ಮನೆಯ ಗಂಡಸರಿಗೆ ಎಣ್ಣೆ ಹಚ್ಚುವುದು ನಮ್ಮ ಹೆಂಗಸರು. ಅವರ ಬೆನ್ನಿಗೆ ಹಚ್ಚುವವರು ಯಾರು? ಧಾರಣೆ ಇಳಿದ ವರ್ಷ ಮನೆಯ ಖರ್ಚನ್ನು ಎಳೆದು ಕಟ್ಟಿ ಸರಿದೂಗಿಸುವ ಚಿಂತೆ ಅವರದೂ ಹೌದು. ಕೊಯ್ಲಿನ ಆಳುಗಳ ಮೈಕೈಯೂ ನಮ್ಮದರಂತೆಯೇ ನೋಯುತ್ತದೆ. ಅವರಿಗೂ ಒಂದು ಹಂಡೆ ಬಿಸಿನೀರು ಕಾಯಿಸಿಟ್ಟರೆ ನಷ್ಟವಿಲ್ಲ.

ಯಾವಾಗ ಕೂಡದು

ಜ್ವರ, ಅಜೀರ್ಣ, ಚರ್ಮದ ಗಾಯ ಅಥವಾ ಸೋಂಕು, ಹೊಸದಾಗಿ ಮೂಳೆ ಮುರಿದಿರುವಾಗ ಎಣ್ಣೆ ತಿಕ್ಕಬಾರದು. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ರಕ್ತನಾಳದಲ್ಲಿ ಹೆಪ್ಪು ಕಟ್ಟಿರಬಹುದು. ನೀವದೆ ವೈದ್ಯರ ಬಳಿ ಹೋಗಬೇಕು. ಗರ್ಭಿಣಿಯರು, ಹೃದ್ರೋಗಿಗಳು, ರಕ್ತ ತಿಳಿಯಾಗಿಸುವ ಮಾತ್ರೆ ನುಂಗುವವರು ಮೊದಲು ವೈದ್ಯರನ್ನು ಕೇಳಬೇಕು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಬಿಸಿ ತಿಳಿಯುವುದಿಲ್ಲ, ನೀರಿನ ಹದವನ್ನು ಬೇರೆಯವರು ನೋಡಬೇಕು. ಔಷಧಿ ಸಿಂಪಡಿಸಿ ಬಂದ ದಿನ ಮೊದಲು ಸಾಬೂನಿನಿಂದ ಚೆನ್ನಾಗಿ ತೊಳೆದುಕೊಳ್ಳದೆ ಮೈಗೆ ಎಣ್ಣೆ ಮುಟ್ಟಿಸಬಾರದು.

ಎರಡು ಸಂಗತಿಗಳನ್ನು ವಿಶೇಷವಾಗಿ ಹೇಳುತ್ತೇವೆ. ಕತ್ತು ತಿರುಚಿ ನೆಟಿಗೆ ತೆಗೆಸುವ ಅಭ್ಯಾಸ ಅಪಾಯಕರ. ಮಿದುಳಿಗೆ ಹೋಗುವ ರಕ್ತನಾಳ ಹರಿದು ಪಾರ್ಶ್ವವಾಯು ಬಂದ ಉದಾಹರಣೆಗಳಿವೆ. ಎದೆ ಹಿಡಿದಂತಾಗಿ, ನೋವು ಎಡಗೈಗೋ ದವಡೆಗೋ ಹರಿದು ಬೆವರಿದರೆ ಅದನ್ನು ವಾಯು ಎಂದು ಎಣ್ಣೆ ತಿಕ್ಕುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೊರಡಬೇಕು.

ಎಣ್ಣೆಗೆ ನಿಲುಕದ್ದು

ಎಣ್ಣೆಸ್ನಾನದಿಂದ ಸಾಲ ತೀರುವುದಿಲ್ಲ, ಧಾರಣೆ ಏರುವುದಿಲ್ಲ. ಒಂದು ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆ, ಮರುದಿನ ಬೆಳಿಗ್ಗೆ ಲೆಕ್ಕದ ಪುಸ್ತಕ ತೆರೆಯುವ ಧೈರ್ಯ ಬರುತ್ತದೆ. ಆ ಧೈರ್ಯ ಇರುವಾಗಲೇ, ಕಂತು ಮೀರುವ ಮುನ್ನವೇ, ಸಂಘಕ್ಕೆ ಬಂದು ಕಾರ್ಯದರ್ಶಿಯವರೊಡನೆ ಮಾತನಾಡುವುದು ಮೇಲು. ಗಡುವು ಮೀರಿದ ಮೇಲೆ ಇರುವುದಕ್ಕಿಂತ ಅದಕ್ಕೆ ಮೊದಲು ದಾರಿಗಳು ಹೆಚ್ಚು.

ಆದರೆ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ತೋಟದ ಕಡೆ ಹೋಗಲೇ ಮನಸ್ಸಾಗದಿದ್ದರೆ, ಕುಡಿತ ಹೆಚ್ಚುತ್ತಿದ್ದರೆ, ಬದುಕೇ ಬೇಡವೆನಿಸಿದರೆ ಅದು ವೈದ್ಯರು ನೋಡಬೇಕಾದ ಕಾಯಿಲೆ. ಗಿಡಕ್ಕೆ ರೋಗ ಬಂದರೆ ನಾಚಿಕೊಳ್ಳದ ನಾವು ಇದಕ್ಕೇಕೆ ನಾಚಬೇಕು? 2022ರ ಅಕ್ಟೋಬರಿನಲ್ಲಿ ಆರಂಭವಾದ ಕೇಂದ್ರ ಸರಕಾರದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಅಂತಹ ಮಾತು ನೆರೆಮನೆಯವರ ಬಾಯಿಂದ ಬಂದರೂ ತಮಾಷೆಯೆಂದು ತಳ್ಳಿಹಾಕದೆ, ಅವರನ್ನು ಒಂಟಿಯಾಗಿ ಬಿಡದೆ, ತೋಟದ ಔಷಧಿಗಳನ್ನು ಬೀಗದೊಳಗಿಟ್ಟು, ಜೊತೆಯಲ್ಲೇ ಆಸ್ಪತ್ರೆಗೆ ಕರೆದೊಯ್ಯುವುದು ಸಹಕಾರಿಗಳಾದ ನಮ್ಮೆಲ್ಲರ ಕರ್ತವ್ಯ. ಅಡಿಕೆ ಮರ ಹೋದರೆ ಮತ್ತೊಂದು ಸಸಿ ನೆಡಬಹುದು, ಬೆಳೆಗಾರ ಹೋದರೆ ಆ ಮನೆಗೆ ಬೇರೆ ಸಸಿಯಿಲ್ಲ.