ಬೈಕು ಊರಿನಲ್ಲಿ, ಮಾಲೀಕ ಗಲ್ಫ್‌ನಲ್ಲಿ
ರಜೆಗೆ ಬಂದ ಅನಿವಾಸಿಯ ಹೆಸರಿಗೆ ಬೈಕು ನೋಂದಣಿಯಾಗದೆಂದು ನಂಬಿ, ತಮ್ಮನ ಹೆಸರಿಗೆ ಮಾಡಿಸುವವರುಂಟು. ಇದು ಅನಗತ್ಯ. 1988ರ ಮೋಟಾರು ವಾಹನ ಕಾಯ್ದೆಯ 40ನೇ ಕಲಂ ನೋಡುವುದು ವಾಹನವನ್ನು ಸಾಮಾನ್ಯವಾಗಿ ಇರಿಸುವ ವಾಸಸ್ಥಳವನ್ನು. ಅರಂತೋಡಿನಲ್ಲಿ ಮನೆಯೂ ವಿಳಾಸದ ದಾಖಲೆಯೂ ಇದ್ದವನಿಗೆ ಪುತ್ತೂರಿನ ಕೆಎ 21 ಸಂಖ್ಯೆ ಪಡೆಯಲು ಅಡ್ಡಿಯಿಲ್ಲ.

ತೊಡಕು ಇರುವುದು ಮರಳಿ ವಿಮಾನ ಹತ್ತುವ ಗಡಿಬಿಡಿಯಲ್ಲಿ. ಬೈಕು ಮಾರಿ ಕೀಲಿಕೈ ಕೊಟ್ಟವನು, ವರ್ಗಾವಣೆಯನ್ನು 14 ದಿನಗಳೊಳಗೆ ವರದಿ ಮಾಡಬೇಕೆನ್ನುವ 50ನೇ ಕಲಮನ್ನು ಮರೆಯುತ್ತಾನೆ. ವಾಹನ ಎಷ್ಟು ಕೈ ದಾಟಿದ್ದರೂ, ದಾಖಲೆಯಲ್ಲಿ ಹೆಸರುಳ್ಳವನೇ ಅಪಘಾತ ಪರಿಹಾರಕ್ಕೆ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯ 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಸಂಪಾಜೆ ಘಾಟಿಯಲ್ಲಿ ಯಾರೋ ಮಾಡಿದ ಅಪಘಾತದ ನೋಟಿಸು ಬರುವುದು ಅರಂತೋಡಿನ ವಿಳಾಸಕ್ಕೆ; ಸಹಿ ಹಾಕಿ ಪಡೆಯುವವರು ವೃದ್ಧ ತಂದೆತಾಯಿ.