ತಿಂಗಳ ಲೆಕ್ಕ

ಹಳಗನ್ನಡದ ಪಾಠದಲ್ಲಿ ‘ತಿಂಗಳ್’ ಎಂಬ ಮಾತು ಬಂದಾಗಲೆಲ್ಲ ನಾನು ತುಸು ನಿಲ್ಲುವುದುಂಟು. ಚಂದ್ರನೂ ತಿಂಗಳೇ, ಮಾಸವೂ ತಿಂಗಳೇ. ಈ ಮಾತಿಗೆ ಇನ್ನೂ ಒಂದು ಮುಖವಿದೆಯೆಂದು ನನಗೆ ತಿಳಿಸಿದ್ದು ಕಾವ್ಯವಲ್ಲ, ತಂಗಿಯ ಕಾಯಿಲೆ.

ಆಕೆಗೆ ಆಗ 35 ವರ್ಷ. ಒಂದು ಬೆಳಗ್ಗೆ ಬಲಗಡೆಯ ಎದೆಯಲ್ಲಿ ಚಳಕು ಹೊಡೆದು ಉಸಿರು ಸಿಕ್ಕಿಕೊಂಡಿತು. ಶ್ವಾಸಕೋಶದ ಹೊರಗೆ, ಎದೆಗೂಡಿನೊಳಗೆ ಗಾಳಿ ಸೇರಿ ಶ್ವಾಸಕೋಶ ಕುಗ್ಗಿದೆಯೆಂದು ಎಕ್ಸ್-ರೇ ಹೇಳಿತು. ಕೊಳವೆ ಹಾಕಿ ಗಾಳಿ ತೆಗೆದರು, ಗುಣವಾಯಿತು. ಎರಡು ತಿಂಗಳು ಕಳೆದು ಮತ್ತೆ ಅದೇ. ಕ್ಷಯವಿರಬಹುದೇ ಎಂದು ಪರೀಕ್ಷಿಸಿದರು, ಅದೂ ಅಲ್ಲ. ಮೂರನೆಯ ಸಲ ಒಬ್ಬ ವೈದ್ಯೆ ಕೇಳಿದರು: “ನೋವು ಬಂದದ್ದು ಮುಟ್ಟಿನ ಎಷ್ಟನೆಯ ದಿನ?” ತಂಗಿ ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ನಾನು ಎದ್ದು ಹೊರಗೆ ಬಂದೆ.

ಮನೆಯ ಕ್ಯಾಲೆಂಡರಿನಲ್ಲಿ ಆಕೆ ಪೆನ್ಸಿಲಿನಿಂದ ಇಟ್ಟ ಚುಕ್ಕೆಗಳಿದ್ದವು. ಆಸ್ಪತ್ರೆಯ ಕಾಗದಗಳೊಡನೆ ಹೋಲಿಸಿದರೆ ಮೂರು ಸಲವೂ ಮೊದಲ ಎರಡು ದಿನಗಳಲ್ಲೇ ಶ್ವಾಸಕೋಶ ಕುಗ್ಗಿತ್ತು. “ನನಗೆ ಮೊದಲೇ ಅನ್ನಿಸಿತ್ತು ಅಣ್ಣಾ, ಯಾರ ಹತ್ತಿರ ಹೇಳಲಿ?” ಎಂದಳು.

ಇಂಥ ರೋಗಿಯೊಬ್ಬಳ ವಿಷಯವನ್ನು ಅಮೆರಿಕದ ಮಾರರ್ ಮತ್ತು ಸಂಗಡಿಗರು 1958ರಲ್ಲಿಯೇ ಪ್ರಕಟಿಸಿದ್ದರು. 1972ರಲ್ಲಿ ಇದಕ್ಕೆ ‘ಕೆಟಮೀನಿಯಲ್ ನ್ಯೂಮೋಥೊರಾಕ್ಸ್’ ಎಂಬ ಹೆಸರು ಬಂದಿತು. ಗ್ರೀಕರ ‘ಮೇನ್’ ಎಂದರೂ ತಿಂಗಳೇ! ಗರ್ಭಕೋಶದ ಒಳಪೊರೆಯಂಥ ಅಂಗಾಂಶ ಕೆಲವರಲ್ಲಿ ಬೇರೆಡೆಯೂ ಬೆಳೆಯುತ್ತದೆ. ಎದೆಗೂ ಹೊಟ್ಟೆಗೂ ನಡುವಣ ವಪೆಯ ಮೇಲೆ ಬೆಳೆದರೆ ಅಲ್ಲಿ ಸಣ್ಣ ರಂಧ್ರಗಳಾಗಬಹುದು. ಗರ್ಭಕೋಶದ ಮಾರ್ಗವಾಗಿ ಹೊಟ್ಟೆಗೆ ಬಂದ ಗಾಳಿ ಆ ರಂಧ್ರಗಳಿಂದ ಎದೆಗೆ ಏರುವುದೆಂಬುದು ಒಂದು ವಿವರಣೆ. ಶ್ವಾಸಕೋಶದ ಮೇಲೆಯೇ ಆ ಅಂಗಾಂಶ ಬೆಳೆದು ಗಾಳಿ ಸೋರುವುದೆಂಬುದು ಇನ್ನೊಂದು. ಹೆಚ್ಚಾಗಿ ಬಲಗಡೆ, ಮುಟ್ಟು ಆರಂಭವಾದ 72 ಗಂಟೆಗಳೊಳಗೆ ಹೀಗಾಗುತ್ತದೆ. ತಂಗಿಗೆ ಶಸ್ತ್ರಚಿಕಿತ್ಸೆಯಿಂದ ರಂಧ್ರಗಳನ್ನು ಮುಚ್ಚಿ, ಮುಟ್ಟನ್ನು ತಡೆಯುವ ಹಾರ್ಮೋನು ಔಷಧ ಕೊಟ್ಟರು. ಮರುಕಳಿಸಲಾರದೆಂದು ಯಾರೂ ಮಾತು ಕೊಡಲಿಲ್ಲ.

‘ಹೊರಗಾದಳು’, ‘ದೂರ ಕೂತಳು’ ಎಂಬ ಮಾತುಗಳನ್ನು ನಮ್ಮ ನುಡಿಯ ನಯವೆಂದು ನಾನು ತರಗತಿಯಲ್ಲಿ ಬಣ್ಣಿಸಿದ್ದೆ. ನಯ ಹೌದು. ಆದರೆ ರೋಗದ ಗುರುತೆಲ್ಲ ಒಂದು ದಿನಾಂಕದಲ್ಲಿದ್ದಾಗ ಆ ದಿನಾಂಕವನ್ನೇ ಬಚ್ಚಿಟ್ಟ ನಯ ಅದು. ತಂಗಿಯ ಉಸಿರು ಮೂರು ಸಲ ಅದರ ಬೆಲೆ ತೆತ್ತಿತು.

ಈಗಲೂ ಗೋಡೆಯ ಮೇಲೆ ಕ್ಯಾಲೆಂಡರಿದೆ. ಆಕೆ ಇಡುವ ಚುಕ್ಕೆಯನ್ನು ಮನೆಯವರೆಲ್ಲರೂ ಓದಬಲ್ಲರು, ನಾನೂ.