ಶಿಲೆಯೂ ಶಿಲ್ಪವೂ

ಪ್ರತಿಮೆಯನ್ನು ನೋಡುವಾಗ ನಾವು ಮುಖಭಾವವನ್ನೂ ಅಲಂಕಾರವನ್ನೂ ಗಮನಿಸುತ್ತೇವೆ. ಅದು ಯಾವ ಶಿಲೆಯದೆಂದು ವಿಚಾರಿಸುವುದು ವಿರಳ. ಶಿಲ್ಪಿಯ ಸಾಧನೆಯನ್ನು ಅಳೆಯಲು ಈ ವಿಚಾರವು ಅತ್ಯವಶ್ಯಕ.

೧೧೧೭ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರ ವಿಗ್ರಹಗಳು ಬಳಪದ ಕಲ್ಲಿನವು. ಗಣಿಯಿಂದ ತೆಗೆದಾಗ ಮೃದುವಾಗಿದ್ದು, ಗಾಳಿ ತಾಕಿದಂತೆ ಗಟ್ಟಿಯಾಗುವ ಈ ಕಲ್ಲು ಕುಸುರಿ ಕೆಲಸಕ್ಕೆ ಅನುಕೂಲವಾದುದು. ಹಾರದ ಮಣಿಮಣಿಯನ್ನೂ ಬಿಡಿಬಿಡಿಯಾಗಿ ಕಡೆದ ಕೌಶಲಕ್ಕೆ ಶಿಲೆಯೂ ನೆರವಾಗಿದೆ.

ಶ್ರವಣಬೆಳಗೊಳದ ಗೊಮ್ಮಟನಾದರೋ ಸುಮಾರು ೯೮೧ರಲ್ಲಿ ಬೆಟ್ಟದ ನೆತ್ತಿಯ ಗ್ರಾನೈಟ್ ಬಂಡೆಯಲ್ಲಿಯೇ ಕಡೆದ, ಸುಮಾರು ೫೮ ಅಡಿ ಎತ್ತರದ ಮೂರ್ತಿ. ಆ ಕಠಿನ ಶಿಲೆ ಕುಸುರಿಗೆ ಸುಲಭವಾಗಿ ಒಗ್ಗದು. ವಿರಕ್ತನಿಗೆ ಅದು ಬೇಕಾಗಿಯೂ ಇಲ್ಲ. ವಿಶಾಲವಾದ ಭುಜ, ನುಣುಪಾದ ಮೈ, ಕಿರುನಗೆ, ಇಷ್ಟರಿಂದಲೇ ಶಾಂತಭಾವವು ಮೂಡಿದೆ. ಬೇಲೂರಿನ ಸೊಬಗನ್ನು ಇಲ್ಲಿ ಅರಸಿ, ಕಾಣದೆ, ಅದನ್ನು ಕೊರತೆಯೆಂದು ಎಣಿಸುವವನು ಎರಡು ಶಿಲ್ಪಗಳನ್ನೂ ಅರಿತವನಲ್ಲ.